ಕೇಳಿದವರು ಏನೆಂದರು?



ಇಂದಿನ ನನ್ನ ಮಾತಿನ ವಿಷಯ ಸ್ವಲ್ಪ ದೂರದ್ದು ಎನಿಸಬಹುದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೇಸುವಿನ ಶಿಷ್ಯರು ಊರೂರು ತಿರುಗಿ ಬೋಧನೆ ಮಾಡಿದಾಗ, ಅದನ್ನು ಕೇಳಿದ ಜನ ಏನೆಂದರು? ಯೆಹೂದ್ಯರು ಏನೆಂದರು, ಯೆಹೂದ್ಯರಲ್ಲದ ಬೇರೆ ಜನ ಏನೆಂದರು? ಬೋಧಿಸಿದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೇಳಿದವರ ಕಥೆ ಹೇಳುವವರು ಕಡಿಮೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, ನಿವೃತ್ತನಾಗಿ ಆಂಡಿಪಟ್ಟಿಯಲ್ಲಿ ಮನೆಯಲ್ಲಿದ್ದೇನೆ. ಮಗ್ಗದವರ ಮಗ. ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ. ನಿಮ್ಮಲ್ಲಿ ಹೆಚ್ಚಿನವರದೂ ಅದೇ ಸ್ಥಿತಿ ತಾನೆ?

ನನಗೆ ಈ ವಿಷಯ ಹಿಡಿದ ಬಗೆಯನ್ನು ಮೊದಲು ಹೇಳಬೇಕು. ನನ್ನ ಅಣ್ಣ ಕ್ರೈಸ್ತ. 1974ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ದೀಕ್ಷಾಸ್ನಾನ ಪಡೆದವನು. ದಿಂಡಿಗಲ್ಲಿನಲ್ಲಿ ಗಿರಣಿ ಕೆಲಸ. 2012ರಲ್ಲಿ ಅವನ ಮಗಳ ಮದುವೆಗೆ ನಾನು ಹೋಗಿದ್ದೆ. ಅಲ್ಲಿ ಪ್ರಸಂಗ ಮಾಡಿದವರು ಒಂದು ಮಾತು ಹೇಳಿದರು. ಯೆಹೂದ್ಯರು ಮೊದಲು ಕೇಳಿದರು, ಕೇಳಿ ತಳ್ಳಿಬಿಟ್ಟರು. ಅನ್ಯಜನರು ಆಮೇಲೆ ಕೇಳಿದರು, ಕೇಳಿ ಒಪ್ಪಿಕೊಂಡರು. ಈ ಕುಟುಂಬದಲ್ಲಿಯೂ ಹಾಗೆಯೇ ಆಯಿತು, ಸ್ವಂತದವರೇ ಕಲ್ಲುಮನಸ್ಸು ಮಾಡಿದರು ಎಂದರು. ಸಭೆಯಲ್ಲಿ ಸ್ವಂತದವನೆಂದು ಕೂತಿದ್ದವನು ನಾನೊಬ್ಬನೇ. ಅವರಿಗೆ ಅದು ಗೊತ್ತಿರಲಾರದು. ಆದರೂ ನನಗೆ ಮುಳ್ಳು ಚುಚ್ಚಿದಂತಾಯಿತು.

ಬ್ಯಾಂಕಿನಲ್ಲಿ ನಮಗೊಂದು ಅಭ್ಯಾಸ. ಯಾರಾದರೂ ಒಟ್ಟು ಮೊತ್ತವನ್ನು ಮಾತ್ರ ಹೇಳಿದರೆ ನಾವು ಒಪ್ಪುವುದಿಲ್ಲ. ಬಾಬ್ತುವಾರು ತೋರಿಸಿ ಎನ್ನುತ್ತೇವೆ. ಅಣ್ಣನ ಹತ್ತಿರವಿದ್ದ ಗ್ರಂಥವನ್ನು ಕೇಳಿ ತಂದೆ. ಅದರಲ್ಲಿ ‘ಅಪೊಸ್ತಲರ ಕೃತ್ಯಗಳು’ ಎಂಬ ಒಂದು ಭಾಗವಿದೆ, ಇಪ್ಪತ್ತೆಂಟು ಅಧ್ಯಾಯ. ಮೊದಲ ಬೋಧಕರು ಎಲ್ಲೆಲ್ಲಿ ಹೋದರು, ಯಾರು ಏನೆಂದರು ಎಂಬುದು ಅದರಲ್ಲಿದೆ. ನಿಧಾನವಾಗಿ ಓದಿದೆ, ಕಾಗದದಲ್ಲಿ ಗುರುತು ಹಾಕಿಕೊಂಡೆ. ಲೆಕ್ಕ ಮದುವೆಯಲ್ಲಿ ಕೇಳಿದಂತೆ ಇರಲಿಲ್ಲ.

ಮೊದಲನೆಯ ಸಂಗತಿ. ಬೋಧಿಸಿದವರೇ ಯೆಹೂದ್ಯರು. ಯೇಸು ಯೆಹೂದ್ಯ, ಪೇತ್ರ ಯೆಹೂದ್ಯ, ಪೌಲ ಯೆಹೂದ್ಯ. ಯೆರೂಸಲೇಮಿನಲ್ಲಿ ಪೆಂಟೆಕೊಸ್ಟ್ ಹಬ್ಬದ ದಿನ ಪೇತ್ರನ ಮಾತು ಕೇಳಿ ಮೂರು ಸಾವಿರದಷ್ಟು ಜನ ಸೇರಿದರು ಎಂದು ಆ ಗ್ರಂಥ ಹೇಳುತ್ತದೆ. ಅವರು ನಾನಾ ದೇಶಗಳಿಂದ ಬಂದಿದ್ದ ಯೆಹೂದ್ಯರು ಮತ್ತು ಯೆಹೂದ್ಯ ಮತವನ್ನು ಸ್ವೀಕರಿಸಿದ್ದವರು. ಅದೇ ಗುಂಪಿನಲ್ಲಿ ಕೆಲವರು ಬೆರಗಾದರು. ಇನ್ನು ಕೆಲವರು ಇವರು ಬೆಳಿಗ್ಗೆಯೇ ಕುಡಿದು ಬಂದಿದ್ದಾರೆ ಎಂದು ನಕ್ಕರು. ಒಂದೇ ಬೀದಿ, ಒಂದೇ ಮಾತು, ಮೂರು ಬಗೆಯ ಉತ್ತರ.

ಆ ಬೆರಗಿಗೆ ಕಾರಣವೇನೆಂದು ನೋಡಿ. ದೂರ ದೇಶದಲ್ಲಿ ಹುಟ್ಟಿ ಬೆಳೆದ ಪ್ರತಿಯೊಬ್ಬನಿಗೂ ತನ್ನ ಹುಟ್ಟುಮಾತಿನಲ್ಲೇ ಕೇಳಿಸಿತಂತೆ. ಪರಊರಿನ ಸಂತೆಯಲ್ಲಿ ಯಾರೋ ಹಿಂದಿನಿಂದ ಕನ್ನಡದಲ್ಲಿ ಕೂಗಿದರೆ ನಮ್ಮ ಕತ್ತು ತಾನಾಗಿ ತಿರುಗುವುದಿಲ್ಲವೇ? ಹಾಗೆ.

ಮುಂದಿನ ಅಧ್ಯಾಯಗಳಲ್ಲಿಯೂ ಯೆಹೂದ್ಯರೆಲ್ಲ ಒಂದೇ ಬಾಯಿಂದ ಮಾತಾಡುವುದಿಲ್ಲ. ಹಿರಿಯರ ಸಭೆಯಲ್ಲಿ ಗಮಲಿಯೇಲನೆಂಬ ಶಾಸ್ತ್ರಪಂಡಿತ ಎದ್ದು, ಇದು ಮನುಷ್ಯರ ಕೆಲಸವಾದರೆ ತಾನೇ ಅಳಿಯುತ್ತದೆ, ದೇವರದಾದರೆ ನಾವು ತಡೆಯಲಾರೆವು, ಸುಮ್ಮನೆ ಬಿಡಿ ಎಂಬರ್ಥದ ಬುದ್ಧಿ ಹೇಳುತ್ತಾನೆ. ಅವನು ಶಿಷ್ಯನಾಗಲಿಲ್ಲ, ಶತ್ರುವೂ ಆಗಲಿಲ್ಲ. ದೇವಾಲಯದ ಪೂಜಾರಿಗಳಲ್ಲಿ ಅನೇಕರು ಒಪ್ಪಿದರು ಎಂದೂ ಬರೆದಿದೆ. ಸ್ತೆಫನನನ್ನು ಮಾತ್ರ ಜನ ಊರ ಹೊರಗೆ ಎಳೆದು ಕಲ್ಲೆಸೆದು ಕೊಂದರು. ಬೆರೋಯ ಎಂಬ ಊರಿನ ಯೆಹೂದ್ಯರು ಪೌಲ ಹೇಳಿದ್ದನ್ನು ಕೂಡಲೇ ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ದಿನಾಲೂ ತಮ್ಮ ಶಾಸ್ತ್ರಗಳನ್ನು ಬಿಚ್ಚಿ ಹೌದೋ ಅಲ್ಲವೋ ಎಂದು ಪರೀಕ್ಷಿಸಿದರು. ನನ್ನಂಥ ಗುಮಾಸ್ತನಿಗೆ ಬಹಳ ಹಿಡಿಸಿದವರು ಈ ಬೆರೋಯದವರು. ಕೊರಿಂಥದಲ್ಲಿ ಸಭಾಮಂದಿರದ ಅಧ್ಯಕ್ಷ ಕ್ರಿಸ್ಪ ಮನೆಮಂದಿಯೊಂದಿಗೆ ಸೇರಿದ. ಅದೇ ಊರಿನ ಬೇರೆ ಯೆಹೂದ್ಯರು ಪೌಲನನ್ನು ಗಲ್ಲಿಯೋ ಎಂಬ ರೋಮನ್ ಅಧಿಕಾರಿಯ ಮುಂದೆ ನಿಲ್ಲಿಸಿದರು. ಈ ಗಲ್ಲಿಯೋನ ಹೆಸರಿರುವ ಶಾಸನ ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕಿರುವುದರಿಂದ, ಅವನು ಅಧಿಕಾರದಲ್ಲಿದ್ದುದು ಸುಮಾರು ಕ್ರಿ.ಶ. 51-52ರಲ್ಲಿ ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ.

ಎರಡನೆಯ ಸಂಗತಿ. ಅನ್ಯಜನರೆಲ್ಲ ಸಂತೋಷದಿಂದ ಒಪ್ಪಿದರೆಂಬುದೂ ಸುಳ್ಳು ಲೆಕ್ಕವೇ. ಫಿಲಿಪ್ಪಿ ಎಂಬ ಊರಿನಲ್ಲಿ ಲುದ್ಯ ಎಂಬ ಹೆಂಗಸು, ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ, ಪೌಲನ ಮಾತು ಕೇಳಿ ಒಪ್ಪಿ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಎಂದು ಬಲವಂತ ಮಾಡಿ ಕರೆದುಕೊಂಡು ಹೋದಳು. ಸಕ್ಕಂಪಟ್ಟಿಯ ಸೀರೆ ವ್ಯಾಪಾರದ ಮನೆಯ ತಾಯಂದಿರು ಹಾಗೆಯೇ ಅತಿಥಿಯನ್ನು ಬಿಡುವುದಿಲ್ಲ. ಆದರೆ ಅದೇ ಊರಿನಲ್ಲಿ ಒಬ್ಬ ಕಣಿಹೇಳುವ ದಾಸಿ ಹುಡುಗಿ ಇದ್ದಳು. ಪೌಲನಿಂದಾಗಿ ಅವಳ ಕಣಿ ನಿಂತುಹೋಯಿತು, ಯಜಮಾನರ ಆದಾಯವೂ ನಿಂತಿತು. ಅವರು ಪೌಲನನ್ನು ಹಿಡಿದು, ಈ ಯೆಹೂದ್ಯರು ನಮ್ಮ ಊರನ್ನು ಕೆಡಿಸುತ್ತಿದ್ದಾರೆ ಎಂದು ದೂರು ಕೊಟ್ಟು ಹೊಡೆಸಿದರು. ಎಫೆಸದಲ್ಲಿ ದೇಮೇತ್ರಿಯನೆಂಬ ಅಕ್ಕಸಾಲಿಗ ಅರ್ತೆಮಿ ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುತ್ತಿದ್ದ. ಕಸುಬು ಹೋಗುತ್ತದೆಂದು ಜೊತೆಗಾರರನ್ನು ಸೇರಿಸಿ ಊರೆಲ್ಲ ಗದ್ದಲ ಎಬ್ಬಿಸಿದ. ಅವನ ಭಯವನ್ನು ನಾನು ನಗೆಯಾಡಲಾರೆ. ಪವರ್‌ಲೂಮ್ ಬಂದಾಗ ಕೈಮಗ್ಗದ ಮನೆಗಳಲ್ಲಿ ಆದ ಭಯ ನನಗೆ ಗೊತ್ತಿದೆ. ಇನ್ನು ಅಥೇನೆಯ ಪಂಡಿತರಲ್ಲಿ ಕೆಲವರು ನಕ್ಕರು, ಕೆಲವರು ಇನ್ನೊಂದು ದಿನ ಕೇಳೋಣ ಎಂದರು, ಬೆರಳೆಣಿಕೆಯಷ್ಟು ಜನ ಒಪ್ಪಿದರು.

ಹೀಗೆ ಎರಡು ಕಡೆಯಲ್ಲಿಯೂ ಒಪ್ಪಿದವರು, ಒಪ್ಪದವರು, ಆಮೇಲೆ ನೋಡೋಣ ಎಂದವರು ಇದ್ದಾರೆ. ಇಬ್ಬರ ನಡುವೆಯೂ ಒಂದು ಗುಂಪಿತ್ತು. ಯೆಹೂದ್ಯರ ಸಭಾಮಂದಿರಕ್ಕೆ ಬಂದು ಕೂರುವ, ಅವರ ದೇವರಿಗೆ ಭಯಪಡುವ, ಆದರೆ ಸುನ್ನತಿ ಮಾಡಿಸಿಕೊಂಡು ಪೂರ್ತಿ ಯೆಹೂದ್ಯರಾಗದ ಗ್ರೀಕರು. ಇವರಿಗೆ ‘ದೇವಭಕ್ತರು’ ಎಂದೇ ಹೆಸರು. 1976ರಲ್ಲಿ ಟರ್ಕಿಯ ಅಫ್ರೋದಿಸಿಯಸ್ ಎಂಬ ಹಾಳೂರಿನಲ್ಲಿ ಒಂದು ಶಿಲಾಶಾಸನ ಸಿಕ್ಕಿತು. ಅದರಲ್ಲಿ ಯೆಹೂದ್ಯರ ಹೆಸರುಗಳ ಪಟ್ಟಿಯ ಜೊತೆಗೆ ಇಂಥ ದೇವಭಕ್ತರ ಐವತ್ತಕ್ಕೂ ಹೆಚ್ಚು ಹೆಸರುಗಳು ಬೇರೆಯಾಗಿ ಕೆತ್ತಿವೆ. ಅದು ಪೌಲನ ಕಾಲಕ್ಕಿಂತ ಈಚಿನದು, ಆದರೂ ಇಂಥವರು ನಿಜವಾಗಿ ಇದ್ದರೆಂಬುದಕ್ಕೆ ಸಾಕ್ಷಿ. ಬಾಗಿಲಲ್ಲಿ ಕೂತಿದ್ದ ಈ ಜನಕ್ಕೆ ಪೌಲ, ಸುನ್ನತಿ ಬೇಡ, ನೀವು ಇರುವಂತೆಯೇ ಒಳಗೆ ಬನ್ನಿ ಎಂದ. ಅವರಿಗೆ ಸಂತೋಷವಾಯಿತು. ಅವರನ್ನು ಇಷ್ಟು ಕಾಲ ಆದರದಿಂದ ಕೂರಿಸಿಕೊಂಡಿದ್ದ ಸಭಾಮಂದಿರದವರಿಗೆ ನಿನ್ನೆ ಬಂದವನು ನಮ್ಮ ಜನರನ್ನು ಎಳೆದುಕೊಂಡು ಹೋಗುತ್ತಿದ್ದಾನೆ ಎನಿಸಿತು. ಪಿಸಿದ್ಯದ ಅಂತಿಯೋಕ್ಯದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಇದರಲ್ಲಿ ಕಲ್ಲುಮನಸ್ಸೆಷ್ಟು, ಮನೆ ಒಡೆಯುವ ನೋವೆಷ್ಟು, ನೀವೇ ತೂಗಿ ನೋಡಿ.

ಈಗ ನಮ್ಮಂಥ ಮನೆಮಾತಿನವರಿಗೆ ಬಹಳ ಹತ್ತಿರದ ಒಂದು ಕಥೆ. ಪೌಲ ಮತ್ತು ಬಾರ್ನಬ ಲುಸ್ತ್ರ ಎಂಬ ಊರಿಗೆ ಬಂದರು. ಅಲ್ಲಿ ಒಬ್ಬ ಹುಟ್ಟುಕುಂಟ ಪೌಲನ ಮಾತಿಗೆ ಎದ್ದು ನಡೆದ. ಜನ ಆಶ್ಚರ್ಯದಿಂದ, ದೇವರುಗಳೇ ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆ ಎಂದು ಕೂಗಿದರು. ಬಾರ್ನಬನನ್ನು ದೇವರಾಜ ಸ್ಯೂಸ್ ಎಂದರು, ಮಾತಾಡುವವನು ಪೌಲನಾದ್ದರಿಂದ ಅವನನ್ನು ದೇವದೂತ ಹೆರ್ಮೆಸ್ ಎಂದರು. ಆದರೆ ಕೂಗಿದ್ದು ಗ್ರೀಕಿನಲ್ಲಲ್ಲ, ತಮ್ಮ ಮನೆಮಾತಾದ ಲುಕವೋನ್ಯ ಭಾಷೆಯಲ್ಲಿ! ಬೋಧಕರಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ ಎಂದು ಕಾಣುತ್ತದೆ. ಪೂಜಾರಿ ಎತ್ತುಗಳನ್ನೂ ಹೂಮಾಲೆಗಳನ್ನೂ ತಂದು ಬಲಿಗೆ ನಿಂತ ಮೇಲೆಯೇ ಅವರಿಗೆ ಅರ್ಥವಾಗಿ, ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ತಡೆದರು.

ನಮ್ಮ ಕಂಬಂ ಊರಿನ ನಂದಗೋಪಾಲ ಗುಡಿಯನ್ನು ನೋಡಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಕನ್ನಡದ ಗೌಡರು ತಂಬಿರಾನ್ ಎತ್ತನ್ನು ಬಲಿ ಕೊಡುವುದಿಲ್ಲ, ಅದನ್ನೇ ದೇವರೆಂದು ಕೈಮುಗಿಯುತ್ತಾರೆ. ಅದು ಬೇರೆ. ಆದರೆ ಎತ್ತಿಗೆ ಹೂ ಹಾಕಿದ ಆ ಭಕ್ತಿಯ ಮುಂದೆ, ಮನೆಮಾತು ಬಾರದ ಒಬ್ಬ ಬೋಧಕ ನಿಂತರೆ ಅವನಿಗೆ ಏನು ತಿಳಿದೀತು? ಲುಸ್ತ್ರದವರು ಮೂಢರಲ್ಲ. ಹೊಸ ಮಾತು ಬಂದಾಗ ಅದನ್ನು ತಮಗೆ ಗೊತ್ತಿದ್ದ ಕಥೆಯೊಳಗೆ ಇಟ್ಟು ಅರ್ಥಮಾಡಿಕೊಂಡರು. ಎಲ್ಲರೂ ಮಾಡುವುದು ಅದನ್ನೇ. ಯೆಹೂದ್ಯರು ತಮ್ಮ ಶಾಸ್ತ್ರದೊಳಗೆ ಇಟ್ಟು ನೋಡಿದರು, ಅಥೇನೆಯವರು ತಮ್ಮ ತರ್ಕದೊಳಗೆ ಇಟ್ಟು ನೋಡಿದರು. ಆದರೆ ಕಥೆಯ ಕೊನೆ ಭಯಂಕರ. ಬೇರೆ ಊರಿನ ವಿರೋಧಿಗಳು ಬಂದು ಮಾತು ತಿರುಗಿಸಿದಾಗ, ದೇವರೆಂದು ಮಾಲೆ ತಂದಿದ್ದ ಅದೇ ಊರಿನಲ್ಲಿ ಪೌಲನಿಗೆ ಕಲ್ಲೇಟು ಬಿತ್ತು. ಸತ್ತನೆಂದು ಊರ ಹೊರಗೆ ಎಳೆದು ಹಾಕಿದರು.

ಶ್ರೋತೃಗಳೇ, ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕೇಳಿದವರ ನಿಜವಾದ ಕಷ್ಟ ದೇವರ ವಿಷಯದಲ್ಲಿ ಮಾತ್ರ ಇರಲಿಲ್ಲ. ಇನ್ನೊಂದು ಪ್ರಶ್ನೆ ಇತ್ತು: ಇದನ್ನು ಒಪ್ಪಿದರೆ ನಾನು ನನ್ನ ಜನರನ್ನು ಬಿಡಬೇಕೇ? ನಾಳೆಯಿಂದ ಯಾರ ಜೊತೆ ಕೂತು ಉಣ್ಣಬೇಕು?

ಊಟದ ಮಾತು ಆ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. ಯೆರೂಸಲೇಮಿನ ಮೊದಲ ಸಂಘದಲ್ಲಿ ಎಲ್ಲರೂ ಯೆಹೂದ್ಯರೇ ಆಗಿದ್ದಾಗಲೂ ಒಂದು ಜಗಳ ಎದ್ದಿತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಅನ್ಯಾಯವಾಗುತ್ತಿದೆ ಎಂದು ದೂರು. ಮತ ಒಂದೇ, ಮಾತು ಬೇರೆ. ಅಷ್ಟಕ್ಕೇ ತಟ್ಟೆಯಲ್ಲಿ ವ್ಯತ್ಯಾಸ. ಅಲ್ಪಸಂಖ್ಯಾತ ಭಾಷೆಯವರಾದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಹಂಚುವ ಕೆಲಸಕ್ಕೆ ಏಳು ಜನರನ್ನು ನೇಮಿಸಿ ಅದನ್ನು ಸರಿಪಡಿಸಿದರು. ಆಮೇಲೆ ಪೇತ್ರನು ಕೊರ್ನೇಲಿಯನೆಂಬ ರೋಮನ್ ಸೇನಾಧಿಕಾರಿಯ ಮನೆಗೆ ಹೋಗಿ ಬಂದಾಗ, ಅವನ ಸ್ವಂತದವರು ಆಕ್ಷೇಪಿಸಿದ್ದು ಏನನ್ನು? ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಲ್ಲ ಎಂಬುದನ್ನು. ಕೊನೆಗೆ ಯೆರೂಸಲೇಮಿನಲ್ಲಿ, ಸುಮಾರು ಕ್ರಿ.ಶ. 49ರ ಹೊತ್ತಿಗೆ, ಹಿರಿಯರು ಸಭೆ ಸೇರಿದರು. ಅನ್ಯಜನರು ಯೆಹೂದ್ಯರಾಗಬೇಕಾಗಿಲ್ಲ, ಊಟ ಮತ್ತು ನಡತೆಗೆ ಸಂಬಂಧಿಸಿದ ಕೆಲವು ನಿಯಮಗಳನ್ನು ಪಾಲಿಸಿದರೆ ಸಾಕು ಎಂದು ತೀರ್ಮಾನಿಸಿದರು.

ಆದರೂ ಜಗಳ ಮುಗಿಯಲಿಲ್ಲ. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗವಿದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದರು. ಬಂದ ಕೂಡಲೇ ಪೇತ್ರ ಮೆಲ್ಲಗೆ ಎದ್ದು ಬೇರೆಯಾದ, ಅವರು ಏನೆನ್ನುತ್ತಾರೋ ಎಂಬ ಅಂಜಿಕೆಯಿಂದ. ಪೌಲ ಎಲ್ಲರ ಮುಂದೆ ಅವನನ್ನು ತರಾಟೆಗೆ ತೆಗೆದುಕೊಂಡ. ಈ ಪ್ರಸಂಗವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಇದೆಲ್ಲ ದೂರದ ದೇಶದ ಮಾತಾಯಿತು. ನಮ್ಮ ಮಧುರೆ ಸೀಮೆಗೆ ಬನ್ನಿ. ಅಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು.

1606ರಲ್ಲಿ ಇಟಲಿಯ ರಾಬರ್ಟೊ ದೆ ನೊಬಿಲಿ ಎಂಬ ಯೇಸುಸಭೆಯ ಪಾದ್ರಿ ಮಧುರೆಗೆ ಬಂದರು. ಆಗ ನಾಯಕರ ಆಳ್ವಿಕೆ. ಅವರಿಗಿಂತ ಮುಂಚೆ ಗೊನ್ಸಾಲೊ ಫೆರ್ನಾಂಡೆಸ್ ಎಂಬ ಪಾದ್ರಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದರು. ಕರಾವಳಿಯಿಂದ ಬಂದ ಕ್ರೈಸ್ತರನ್ನು ನೋಡಿಕೊಳ್ಳುತ್ತಿದ್ದರು, ಆದರೆ ಊರಿನ ಮೇಲ್ಜಾತಿಯವರು ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ನೊಬಿಲಿ ಕಾರಣ ಹುಡುಕಿದರು. ಸೇರಬಯಸುವವನನ್ನು ‘ಪರಂಗಿ ಕುಲಕ್ಕೆ ಸೇರುತ್ತೀಯಾ’ ಎಂಬರ್ಥದಲ್ಲಿ ಕೇಳಲಾಗುತ್ತಿತ್ತು! ಜನ ಪರಂಗಿಯೆಂದು ಕರೆಯುತ್ತಿದ್ದುದು ಪೋರ್ಚುಗೀಸರನ್ನು. ಅವರ ಊಟ, ಕುಡಿತ, ಸ್ನಾನವಿಲ್ಲದ ರೀತಿ ಇಲ್ಲಿಯವರಿಗೆ ಹೇಸಿಗೆ. ಆದ್ದರಿಂದ ಜನ ದೇವರನ್ನು ಬೇಡವೆನ್ನಲಿಲ್ಲ, ಪರಂಗಿಯಾಗುವುದನ್ನು ಬೇಡವೆಂದರು.

ನೊಬಿಲಿ ಕಾವಿ ಉಟ್ಟರು, ಮಾಂಸ ಬಿಟ್ಟರು, ಶಿವಧರ್ಮನೆಂಬ ಬ್ರಾಹ್ಮಣ ವಿದ್ವಾಂಸನಿಂದ ಸಂಸ್ಕೃತ ಕಲಿತರು, ತಮಿಳಿನಲ್ಲಿ ಗ್ರಂಥಗಳನ್ನು ಬರೆದರು. ಸೇರಿದವರು ಜುಟ್ಟು, ಜನಿವಾರ, ಗಂಧ ಇಟ್ಟುಕೊಳ್ಳಬಹುದು ಎಂದರು. ಇದಕ್ಕೆ ಸ್ವಂತ ಸಂಘದಿಂದಲೇ ದೂರು ಹೋಯಿತು. ಗೋವೆಯಲ್ಲಿ ವಿಚಾರಣೆ ನಡೆದು, ಕಡತ ರೋಮಾಪುರಿ ಮುಟ್ಟಿ, 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅವರು ಷರತ್ತುಗಳೊಡನೆ ಅನುಮತಿ ಕೊಟ್ಟರು. ಅನ್ಯಜನನು ಯೆಹೂದ್ಯನಾಗಬೇಕೇ ಎಂಬ ಹಳೆಯ ಪ್ರಶ್ನೆಯೇ, ತಮಿಳನು ಪರಂಗಿಯಾಗಬೇಕೇ ಎಂದು ರೂಪ ಬದಲಿಸಿ ಬಂದದ್ದು.

ಆದರೆ ಈ ಲೆಕ್ಕದ ಇನ್ನೊಂದು ಪುಟವನ್ನು ಮುಚ್ಚಿಡಬಾರದು. ಕುಲ ಬಿಡಬೇಕಾಗಿಲ್ಲ ಎಂದದ್ದರಿಂದ ಜಾತಿಯೂ ಒಳಗೆ ಬಂತು. 1640ರಿಂದ ಕೆಳಗಿನ ಜಾತಿಗಳವರ ನಡುವೆ ಓಡಾಡಲು ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳು ಏರ್ಪಟ್ಟರು. ಒಂದೇ ಮತದವರು, ಆದರೆ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ. ಇನ್ನೂರು ವರ್ಷಗಳ ಮೇಲೆ, 1834ರಲ್ಲಿ, ಅಮೆರಿಕದ ಮಿಷನಿನವರು ಮಧುರೆಯಲ್ಲಿ ಕೆಲಸ ಆರಂಭಿಸಿದರು, ಮರುವರ್ಷ ದಿಂಡಿಗಲ್ಲಿಗೂ ಬಂದರು. ಅವರದು ತದ್ವಿರುದ್ಧ ಮಾರ್ಗ. 1847ರಲ್ಲಿ, ಜಾತಿ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು ಎಂದು ಕಟ್ಟು ಮಾಡಿದರು. ಬಹಳ ವರ್ಷ ಅವರ ಜೊತೆಗಿದ್ದ ಉಪದೇಶಿಗಳೇ ಅನೇಕರು ಎದ್ದು ಹೋದರು. ಮತ ಬದಲಿಸಲು ಸಿದ್ಧರಿದ್ದವರು ಪಂಕ್ತಿ ಬದಲಿಸಲು ಸಿದ್ಧರಿರಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಎದ್ದದ್ದೂ ಅದೇ ಬಗೆಯ ಪಂಕ್ತಿಯಿಂದ.

ನಮ್ಮ ಪೂರ್ವಿಕರ ಕನ್ನಡನಾಡಿನಲ್ಲಿ ಹೇಗಿತ್ತು? 1640ರ ದಶಕದ ಕೊನೆಯಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿ ನೊಬಿಲಿಯವರ ದಾರಿ ಹಿಡಿದು ಶ್ರೀರಂಗಪಟ್ಟಣದಲ್ಲಿ ನೆಲೆಸಿ, ಕನ್ನಡ ಕಲಿತು, ವ್ಯಾಕರಣವನ್ನೂ ಬರೆದರು. 1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದರು. ಅವರು ಧಾರವಾಡ ಸೀಮೆಗೆ ಹೋದಾಗ, 1840ರ ಸುಮಾರಿಗೆ, ಒಂದು ವಿಚಿತ್ರ ನಡೆಯಿತು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಥದವರು ಗುಂಪಾಗಿ ಬಂದು, ನಮ್ಮ ಕಾಲಜ್ಞಾನ ಹೇಳಿದ ಕಾಲ ಇದೇ ಇರಬಹುದು, ನಿಮ್ಮ ಮಾತು ಅದಕ್ಕೆ ಹೊಂದುತ್ತದೆ ಎಂದರು. ಮಿಷನರಿಗಳಿಗೆ ಬಹಳ ಆಸೆ ಹುಟ್ಟಿತು. ಸೇರುವವರಿಗಾಗಿ ಗದಗದ ಹತ್ತಿರ ಮಲಸಮುದ್ರದಲ್ಲಿ ಜಮೀನನ್ನೂ ಮಾಡಿದರು. ಆದರೆ ಎದುರುನೋಡಿದ ಜನ ಬರಲಿಲ್ಲ. ಲುಸ್ತ್ರದವರಂತೆ ಇವರೂ ಬಂದವರನ್ನು ತಮ್ಮ ಕಥೆಯೊಳಗೆ ಇಟ್ಟು ನೋಡಿದರು, ಹೊಂದಲಿಲ್ಲ, ಹಿಂತಿರುಗಿದರು. ದೇವರ ದಯೆ, ಇಲ್ಲಿ ಕಲ್ಲು ಬೀಳಲಿಲ್ಲ.

ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗಲಭೆ. ಮುಂದೆ ಅವರು ಬಾಸೆಲಿಗೆ ಹೋಗಿ ಓದಿ ಬಂದು ಹೆಸರಾಂತ ಪಾದ್ರಿಯಾದರು. ಅವರ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ. ಆದರೆ ಅವರ ಹೆಂಡತಿ ಅವರ ಜೊತೆ ಬರಲು ಒಪ್ಪಲಿಲ್ಲ. ಆಕೆಯೂ ಕೇಳಿದವಳೇ. ಆಕೆಯ ಉತ್ತರವನ್ನು ಕಲ್ಲುಮನಸ್ಸು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದೇ?

ಒಟ್ಟು ಮೊತ್ತದ ಲೆಕ್ಕ ಅಪಾಯಕಾರಿ ಎಂದು ನಾನು ಹೇಳುವುದು ಕೇವಲ ನನ್ನ ಮನೆಯ ನೋವಿನಿಂದಲ್ಲ. ಯೆಹೂದ್ಯರು ತಳ್ಳಿದರು ಎಂಬ ಒಂದು ಸಾಲನ್ನು ಯೂರೋಪು ಶತಮಾನಗಳ ಕಾಲ ಬಾಯಿಪಾಠ ಮಾಡಿತು. ಅವರನ್ನು ಬೇರೆ ಕೇರಿಗಳಲ್ಲಿ ಇಟ್ಟರು, ಊರುಗಳಿಂದ ಓಡಿಸಿದರು. ಕೊನೆಗೆ ಹಿಟ್ಲರನ ಕಾಲದಲ್ಲಿ ಅರವತ್ತು ಲಕ್ಷ ಯೆಹೂದ್ಯರನ್ನು ಕೊಂದರು. ಹಿಟ್ಲರನಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಹಳೆಯ ದ್ವೇಷ ನೆಲವನ್ನು ಹದ ಮಾಡಿತ್ತು. ನಮ್ಮ ಘಟ್ಟದ ಆಚೆ ಕೊಚ್ಚಿಯಲ್ಲಿ ಮಾತ್ರ ಅವರು ರಾಜರ ಆಶ್ರಯದಲ್ಲಿ, 1568ರಲ್ಲಿ ಕಟ್ಟಿದ ಮಟ್ಟಂಚೇರಿಯ ಸಭಾಮಂದಿರದಲ್ಲಿ, ನೆಮ್ಮದಿಯಾಗಿ ಪ್ರಾರ್ಥನೆ ಮಾಡಿಕೊಂಡಿದ್ದರು. ಪೌಲನೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಎಚ್ಚರಿಸಿದ್ದಾನೆ: ಅನ್ಯಜನರು ಕಾಡು ಕೊಂಬೆಯಂತೆ ಊರ ಮರಕ್ಕೆ ಕಸಿಯಾದವರು, ಬೇರಿನ ಮೇಲೆ ಜಂಬ ಪಡಬಾರದು ಎಂಬುದು ಅದರ ಭಾವ. 1965ರಲ್ಲಿ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯೂ, ಯೇಸುವಿನ ಮರಣಕ್ಕೆ ಅಂದಿನ ಯೆಹೂದ್ಯರೆಲ್ಲರನ್ನಾಗಲಿ ಇಂದಿನವರನ್ನಾಗಲಿ ಹೊಣೆ ಮಾಡಬಾರದು ಎಂದು ಘೋಷಿಸಿತು. ಲೆಕ್ಕ ತಿದ್ದಲು ಬಹಳ ತಡವಾಯಿತು.

ಈಗ ನನ್ನ ಸ್ವಂತ ಬಾಬ್ತು. ಅಣ್ಣ ದೀಕ್ಷಾಸ್ನಾನ ಪಡೆದ ಸುದ್ದಿ ಬಂದ ದಿನ ನಮ್ಮ ತಂದೆ ಯೇಸುವನ್ನು ಒಂದು ಮಾತು ಬೈಯಲಿಲ್ಲ. ಮಗ್ಗದ ಕೋಣೆಯಲ್ಲಿ ಚೌಡೇಶ್ವರಿಯ ಪಟದ ಪಕ್ಕ ಯಾರೋ ಕೊಟ್ಟ ಯೇಸುವಿನ ಕ್ಯಾಲೆಂಡರೂ ನೇತಾಡುತ್ತಿತ್ತು, ಅದನ್ನು ತೆಗೆಯಲೂ ಇಲ್ಲ. ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: “ಇನ್ನು ಅವ ಯಾರ ಜೊತೆ ಕುಂತು ಉಣ್ಣುತ್ತಾನೆ?” ಯೆರೂಸಲೇಮಿನ ಹಿರಿಯರು ಕೇಳಿದ ಪ್ರಶ್ನೆಯನ್ನೇ ಓದುಬರಹವಿಲ್ಲದ ನನ್ನ ಅಜ್ಜಿ ಕೇಳಿದ್ದಳು.

1991ರಲ್ಲಿ ತಂದೆ ತೀರಿಕೊಂಡರು. ಅಣ್ಣ ದಿಂಡಿಗಲ್ಲಿನಿಂದ ಮೊದಲ ಬಸ್ಸಿಗೆ ಬಂದ. ಎದುರಿನ ಬೇವಿನ ಮರದ ಕೆಳಗೆ ನಿಂತ. ಹಿರಿಯ ಮಗ ಅವನು. ಬಾಯಿಗೆ ಅಕ್ಕಿ ಹಾಕಲು ಅವನನ್ನು ಕರೆಯಬೇಕೇ ಬೇಡವೇ ಎಂದು ಬೀದಿಯ ಹಿರಿಯರು ಮಾತಾಡಿಕೊಂಡರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವರೆಲ್ಲ ನನ್ನ ಮುಖ ನೋಡಿದರು. ಬ್ಯಾಂಕಿನಲ್ಲಿದ್ದವನು, ನಾಲ್ಕು ಅಕ್ಷರ ಕಲಿತವನು, ನಾನು ಕರೆಯಿರಿ ಎಂದಿದ್ದರೆ ಕರೆಯುತ್ತಿದ್ದರು. ನಾನು ಏನೂ ಹೇಳಲಿಲ್ಲ. ತಲೆ ತಗ್ಗಿಸಿದೆ. ಅಣ್ಣ ಸ್ಮಶಾನದವರೆಗೆ ದೂರದಲ್ಲೇ ನಡೆದು ಬಂದು, ಹಾಗೆಯೇ ಬಸ್ಸು ಹತ್ತಿದ. ಅದಕ್ಕೆ ಮುಂಚೆ ಎಷ್ಟೋ ಸಲ ನಾನು ದಿಂಡಿಗಲ್ಲಿಗೆ ಹೋದಾಗ ಅವನ ಜೊತೆ ಹೋಟೆಲಿನಲ್ಲಿ ಒಂದೇ ಮೇಜಿನಲ್ಲಿ ಉಂಡವನು. ಊರವರು ನೋಡುತ್ತಿದ್ದಾಗ ಎದ್ದು ಬೇರೆಯಾದವನು. ಪೇತ್ರನ ಪ್ರಸಂಗ ಓದಿ ನನಗೆ ನಿದ್ದೆ ಬಾರದಿದ್ದುದಕ್ಕೆ ಕಾರಣ ಇದು.

ಹಾಗಾದರೆ ಮದುವೆಯಲ್ಲಿ ಪ್ರಸಂಗ ಮಾಡಿದವರು ಹೇಳಿದ್ದು ಸರಿಯೇ? ಒಂದು ಪಾಲು ಸರಿ ಎಂದು ಒಪ್ಪುತ್ತೇನೆ. ಆದರೆ ಅದು ಯೆಹೂದ್ಯರ ಗುಣವಲ್ಲ, ನಮ್ಮ ಜಾತಿಯ ಗುಣವೂ ಅಲ್ಲ, ಬೋಧನೆ ಬೇಡವೆಂದದ್ದೂ ಅಲ್ಲ. ನಾನು ಅಣ್ಣನ ಮತವನ್ನು ಇಂದಿಗೂ ಸೇರಿಲ್ಲ, ಸೇರುವ ಮನಸ್ಸೂ ಇಲ್ಲ. ಅದು ನನ್ನ ಉತ್ತರ. ಅದಕ್ಕೆ ನಾನು ನಾಚಬೇಕಾಗಿಲ್ಲ. ನಾಚಬೇಕಾದದ್ದು ಬೇವಿನ ಮರದ ಕೆಳಗೆ ಅವನನ್ನು ನಿಲ್ಲಿಸಿದ್ದಕ್ಕೆ. ಈ ಎರಡು ಬಾಬ್ತುಗಳನ್ನು ಒಂದೇ ಖಾತೆಗೆ ಹಾಕಬಾರದು. ಮಾತನ್ನು ಒಪ್ಪದಿರುವುದು ಒಂದು, ಮನುಷ್ಯನನ್ನು ಪಂಕ್ತಿಯಿಂದ ಎಬ್ಬಿಸುವುದು ಇನ್ನೊಂದು. ಒಪ್ಪಿದವರಿಗೂ ಇದೇ ಲೆಕ್ಕ. ಒಪ್ಪದವನನ್ನು ಕಲ್ಲುಮನಸ್ಸಿನವನೆಂದು ಕರೆದರೆ ಅವರೂ ಅವನನ್ನು ತಮ್ಮ ಪಂಕ್ತಿಯಿಂದ ಎಬ್ಬಿಸಿದಂತೆಯೇ.

2013ರ ಯುಗಾದಿಗೆ ನಾನೇ ದಿಂಡಿಗಲ್ಲಿಗೆ ಹೋಗಿ ಅಣ್ಣನನ್ನು ಕರೆದೆ. ತಂದೆಯ ಸಾವಿನ ದಿನದ ಮಾತು ಎತ್ತಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಊಟ ಜಗುಲಿಯಲ್ಲೋ, ಒಳಗೋ?” ಎಂದು ಕೇಳಿದ. ತಮಾಷೆಗೆ ಕೇಳಿದನೋ ನಿಜವಾಗಿಯೋ, ನನಗೆ ಇಂದಿಗೂ ತಿಳಿಯದು. ಒಳಗೆ ಎಂದೆ. ಬಂದ. ಬೀದಿಯ ಹಿರಿಯರಲ್ಲಿ ಉಳಿದಿದ್ದ ಇಬ್ಬರನ್ನೂ ಕರೆದಿದ್ದೆ. ಒಬ್ಬರು ಬಂದರು, ಒಬ್ಬರು ಬರಲಿಲ್ಲ. ನನ್ನ ಹೆಂಡತಿ ಹೋಳಿಗೆ ಬಡಿಸಿದಳು. ಅಣ್ಣ ಕಣ್ಣು ಮುಚ್ಚಿ ತನ್ನ ಪ್ರಾರ್ಥನೆ ಮಾಡಿಕೊಂಡ. ಅಲ್ಲಿಯವರೆಗೆ ನಾವೆಲ್ಲ ಎಲೆಗೆ ಕೈ ಹಾಕದೆ ಕಾದೆವು. ಆಮೇಲೆ ಕನ್ನಡದಲ್ಲೇ ಮಾತಾಡುತ್ತ ಉಂಡೆವು. ದಿಂಡಿಗಲ್ಲಿನಲ್ಲಿ ಅವನಿಗೆ ಕನ್ನಡ ಮಾತಾಡಲು ಯಾರೂ ಇಲ್ಲವಂತೆ. ಅದಾದ ಮೇಲೆ ಪ್ರತಿ ಯುಗಾದಿಗೆ ಬರುತ್ತಾನೆ.

ಈ ಹೊತ್ತು ಅವನೂ ಈ ಮಾತನ್ನು ಕೇಳುತ್ತಿರಬಹುದು.